ಹೈರಿಡ್ಜ್ ಓಣಿಯಲ್ಲಿ ನಾನು ಹಂಚಿದ ನೋಟಿಸು

ಹೋದ ತಿಂಗಳು ಮಗಳ ಕಣ್ಣಿನ ಪರೀಕ್ಷೆಗೆಂದು ನೈರೋಬಿಯ ಪಾರ್ಕ್‌ಲ್ಯಾಂಡ್ಸಿಗೆ ಹೋಗಿದ್ದೆ. ಇಲ್ಲಿ ಮಟಾಟು ಎನ್ನುವ ಬಾಡಿಗೆ ವ್ಯಾನು ಇಳಿದು ನಡೆಯುತ್ತಿರುವಾಗ ರಸ್ತೆಬದಿಯ ಗೇಟೊಂದರ ಒಳಗೆ ಕಲ್ಲು ಕೊಯ್ಯುತ್ತಿರುವುದು ಕಾಣಿಸಿತು. ಒಬ್ಬ ಯಂತ್ರದ ಗರಗಸಕ್ಕೆ ಕಲ್ಲನ್ನು ಒತ್ತಿ ಹಿಡಿದಿದ್ದ, ಇನ್ನೊಬ್ಬ ಬಾಟಲಿಯಿಂದ ಅದರ ಮೇಲೆ ನೀರು ಸುರಿಯುತ್ತಿದ್ದ. ಒದ್ದೆ ಕಲ್ಲುಪುಡಿಯ ವಾಸನೆ ಬಂದದ್ದೇ ತಡ, ನನ್ನ ಕಾಲು ಮುಂದೆ ಹೋಗಲಿಲ್ಲ. ಪಕ್ಕದ ಬೇಲಿಯ ಕಂಬ ಹಿಡಿದು ನಿಂತೆ.

"ಅಮ್ಮಾ, ವಾಟ್ ಹ್ಯಾಪನ್ಡ್?" ಎಂದಳು ಮಗಳು. ಕನ್ನಡ ಅವಳಿಗೆ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಏನಿಲ್ಲ ಕಣೇ. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲವಲ್ಲ, ತಲೆ ಸುತ್ತಿತು."

ಅದು ಸುಳ್ಳು. ಅವಳಿಗೀಗ ಹದಿಮೂರು. ನಾನು ಹೇಳಹೊರಟಿರುವ ಮಳೆಗಾಲದಲ್ಲಿ ಅವಳಿಗೆ ಆರು. ಆ ಮಳೆಗಾಲದಲ್ಲಿ ಅವಳ ಅಮ್ಮ ಒಬ್ಬ ಮನುಷ್ಯನ ಕಾಲು ಮುರಿದಳು ಎಂಬುದನ್ನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.

ನಾವು ನೈರೋಬಿಗೆ ಬಂದು ಆಗ ಎರಡು ವರ್ಷವಾಗಿತ್ತು. ನನ್ನ ಗಂಡ ಪ್ರಸನ್ನ ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುತ್ತಿದ್ದರು. ಮೈಸೂರಿನಲ್ಲಿ ನಗರ ಯೋಜನೆ ಓದಿದ್ದ ನನಗೆ ಪಂಗಾನಿ ಬಡಾವಣೆಯಲ್ಲಿ, ಟೈರಿನ ಅಂಗಡಿಯೊಂದರ ಮೇಲೆ ಎರಡು ಕೋಣೆಯ ಕಚೇರಿ ಇಟ್ಟುಕೊಂಡಿದ್ದ ಮುಟುವಾ ಎಂಬವರ ಬಳಿ ಕೆಲಸ ಸಿಕ್ಕಿತ್ತು. ಮುಟುವಾ ಐವತ್ತು ದಾಟಿದ ಪ್ಲ್ಯಾನರ್. ಮೆತ್ತನೆಯ ಮಾತು, ಮಡಿಕೆ ಕೆಡದ ಶರ್ಟು. ಒಂಟಿ ಮನೆಯಿರುವ ಜಾಗದಲ್ಲಿ ಫ್ಲ್ಯಾಟು ಎಬ್ಬಿಸಬೇಕೆಂದರೆ ಮೊದಲು ಆ ಜಾಗದ ಬಳಕೆ ಬದಲಿಸಲು ನಗರದ ಕಚೇರಿಗೆ ಅರ್ಜಿ ಹಾಕಬೇಕು. ಅರ್ಜಿಗೂ ಮುಂಚೆ ಗೇಟಿನ ಎದುರು ಎಲ್ಲರಿಗೂ ಕಾಣುವಂತೆ ಬೋರ್ಡು ನೆಡಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸಬೇಕು, ಅಕ್ಕಪಕ್ಕದ ಮಾಲೀಕರಿಗೆಲ್ಲ ಪತ್ರ ಮುಟ್ಟಿಸಿ ಸಹಿ ಹಾಕಿಸಿಕೊಳ್ಳಬೇಕು. ಆಕ್ಷೇಪವಿದ್ದವರು ಹದಿನಾಲ್ಕು ದಿನದೊಳಗೆ ಬರೆದು ಕೊಡಬಹುದು. ಪತ್ರ ಮುಟ್ಟಿಸುವ ಕೆಲಸ ನನ್ನದು.

ಆ ಕೆಲಸ ನನಗೆ ಇಷ್ಟವಾಗಿತ್ತು ಎಂದರೆ ನೀವು ನಂಬಬೇಕು. ಭಾಷೆ ಬಾರದ ಊರಿನಲ್ಲಿ ಒಂದೊಂದೇ ಗೇಟು ತಟ್ಟಿ, ಕಾವಲುಗಾರರ ಬಳಿ ಮುರುಕು ಸ್ವಾಹಿಲಿಯಲ್ಲಿ ಮಾತಾಡಿ, ಒಳಗೆ ಕರೆದವರ ಮನೆಯಲ್ಲಿ ಹಾಲು ಹಾಕಿ ಕುದಿಸಿದ ಚಹಾ ಕುಡಿದು ನಾನು ಈ ನಗರವನ್ನು ಪರಿಚಯ ಮಾಡಿಕೊಂಡೆ.

ಮಾರ್ಚ್ ಕೊನೆಗೆ ದೊಡ್ಡ ಮಳೆ ಹಿಡಿಯಿತು. ಅದೇ ವಾರ ನನ್ನ ಪಾಲಿಗೆ ಹೈರಿಡ್ಜ್ ಬಡಾವಣೆಯ ಒಂದು ಓಣಿ ಬಂತು. ಮುಂದೆ ದಾರಿಯಿಲ್ಲದ, ಆರೇ ಮನೆಗಳ ಓಣಿ. ನಡುವಿನ ಮನೆ ಮಾರಾಟವಾಗಿ ಖಾಲಿ ಬಿದ್ದಿತ್ತು. ಕೊಂಡವನು ಅಲ್ಲಿ ಹದಿನಾರು ಅಂತಸ್ತು ಕಟ್ಟಲು ಹೊರಟಿದ್ದ. ಆ ಕೊಂಡವನನ್ನು ನಾನು ಕೊನೆಯವರೆಗೂ ಕಣ್ಣಾರೆ ನೋಡಲಿಲ್ಲ. ಅವನ ಪರವಾಗಿ ಕಚೇರಿಗೆ ಬರುತ್ತಿದ್ದವನು ಕಂದು ಚರ್ಮದ ಜಾಕೆಟ್ಟು ಹಾಕಿದ, ತುಂಬ ಮರ್ಯಾದೆಯ ಮಾತಿನ ಒಬ್ಬ ಮನುಷ್ಯ. ನಾನೇ ನಿಂತು ಆ ಗೇಟಿನ ಎದುರು ಎರಡು ಕಬ್ಬಿಣದ ಪೈಪಿನ ಮೇಲೆ ಬೋರ್ಡು ನೆಡಿಸಿದೆ. ಆಮೇಲೆ ಕೊಡೆ ಹಿಡಿದು, ಪತ್ರಗಳನ್ನೂ ಸಹಿ ಪುಸ್ತಕವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಎಡಗಡೆಯ ಮನೆಯ ಗಂಟೆ ಒತ್ತಿದೆ.

ಗೇಟು ತೆರೆದದ್ದು ಎತ್ತರದ, ಅಗಲ ಭುಜದ, ಅರವತ್ತರ ಆಸುಪಾಸಿನ ಹೆಂಗಸು. ನನ್ನನ್ನು ಕಂಡು ಒಳಕ್ಕೆ ತಿರುಗಿ ಏನೋ ಕೂಗಿದಳು. ಅದು ಕೊಂಕಣಿ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳು ಅಕಿನ್ಯಿ. ಮೂವತ್ತು ವರ್ಷದ ಹಿಂದೆ ಮನೆಗೆಲಸಕ್ಕೆಂದು ಬಂದವಳು ಈಗ ಆ ಮನೆಯ ಒಡತಿಯ ಜತೆ ಒಂದೇ ಮೇಜಿನಲ್ಲಿ ಕೂತು ಉಣ್ಣುತ್ತಿದ್ದಳು, ಜಗಳವಾಡುತ್ತಿದ್ದಳು. ಒಡತಿ ಸಿಸಿಲಿಯಾ ಆಂಟಿ. ಮಂಗಳೂರಿನವರು. ಇಲ್ಲಿ ನಲವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಮದುವೆಯಾದವರಲ್ಲ.

ನನ್ನ ಹೆಸರು, ಊರು ಕೇಳಿದೊಡನೆ ಅವರ ಮುಖ ಅರಳಿತು. "ಮೈಸೂರಿನವಳಾ? ಎಂತ ಮಾರಾಯ್ತಿ, ಮತ್ತೆ ಗೇಟಲ್ಲಿ ನಿಂತದ್ದು ಯಾಕೆ? ಯೆ ಭಿತರ್, ಒಳಗೆ ಬಾ."

ಪತ್ರವನ್ನು ಅವರು ಔಷಧಿ ಚೀಟಿ ಓದುವ ಹಾಗೆ ಎರಡು ಸಲ ಓದಿದರು. ಮಳೆ ಬಂದಾಗಲೆಲ್ಲ ಓಣಿಯ ಚರಂಡಿ ಉಕ್ಕಿ ಅವರ ಅಂಗಳಕ್ಕೆ ನುಗ್ಗುವುದನ್ನು ಕಿಟಕಿಯಿಂದ ತೋರಿಸಿದರು. ಆರು ಮನೆಗೇ ಸಾಲದ ಕೊಳವೆ, ಇನ್ನು ನೂರು ಮನೆ ಕೂಡಿದರೆ?

"ಇದಕ್ಕೆ ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ?" ಎಂದು ಕೇಳಿದರು.

"ಧಾರಾಳವಾಗಿ ಹೇಳಬಹುದು ಆಂಟಿ. ಅದಕ್ಕೇ ಅಲ್ವಾ ಪತ್ರ ಕೊಡೋದು?"

"ನೀನು ಅವರ ಕಡೆಯವಳಲ್ವಾ?"

"ನಾನು ತಿಳಿಸೋ ಕಡೆಯವಳು."

ಈ ಮಾತು ಆಗ ನನಗೆ ಬಹಳ ಜಾಣತನದ್ದೆನಿಸಿತ್ತು. ಅಲ್ಲೇ ಕೂತು ಅವರ ಆಕ್ಷೇಪದ ಪತ್ರ ಬರೆಯಲು ನೆರವಾದೆ. ಅವರು ನನ್ನನ್ನು ಪಕ್ಕದ ಮನೆಯ ಶ್ರೀಪಾದ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಅವರೂ ನಮ್ಮ ಕಡೆಯವರೇ, ಮಕ್ಕಳ ಡಾಕ್ಟರು, ವಿವಾದವೆಂದರೆ ಹಿಂಜರಿಯುವ ಸ್ವಭಾವ. "ಬೇಡ ಬಿಡಿ ಸಿಸ್ಟರ್, ನಮಗ್ಯಾಕೆ" ಎಂದವರನ್ನು ನಾನೇ ಒಪ್ಪಿಸಿದೆ: "ಸರ್, ಬರೆದು ಕೊಟ್ಟರೆ ಏನೂ ಆಗಲ್ಲ. ಇದು ನಿಮ್ಮ ಹಕ್ಕು." ನಾಲ್ಕು ಮನೆಯವರು ಆಕ್ಷೇಪ ಬರೆದುಕೊಟ್ಟರು. ಒಂದೊಂದು ಪತ್ರದ ಮೂಲೆಯಲ್ಲೂ 'ಮೂಲ ಪ್ರತಿ ತಲುಪಿದೆ' ಎಂದು ಬರೆದು ನನ್ನ ಚಿಕ್ಕ ಸಹಿ ಹಾಕಿದೆ.

ಕಚೇರಿಯಲ್ಲಿ ಅವನ್ನು ಮೇಜಿನ ಮೇಲಿಟ್ಟಾಗ ಮುಟುವಾ ನಾಲ್ಕನ್ನೂ ಓದಿ ಪಕ್ಕಕ್ಕೆ ಸರಿಸಿದರು. ಆಮೇಲೆ, "ವಸುಧಾ, ನಿನ್ನನ್ನು ಕಳಿಸಿದ್ದು ತಿಳಿಸಿ ಬರಲು. ಕೇಳಿ ಬರಲು ಅಲ್ಲ" ಎಂದರು. ಬೈಯಲಿಲ್ಲ. ದಣಿದವರ ಹಾಗೆ ಹೇಳಿದರು.

ಮಾರನೆಯ ದಿನ ಚರ್ಮದ ಜಾಕೆಟ್ಟಿನವನು ಬಂದ. ಆಕ್ಷೇಪಗಳ ಪ್ರತಿ ಬೇಕೆಂದ. ಮುಟುವಾ ಕಿಟಕಿಯ ಹೊರಗೆ ನೋಡುತ್ತ ನನ್ನತ್ತ ತಲೆ ಆಡಿಸಿದರು. ನಾಲ್ಕೂ ಪತ್ರಗಳನ್ನು ನಾನೇ ನಕಲು ಯಂತ್ರಕ್ಕೆ ಇಟ್ಟೆ. ಹಾಳೆಗಳು ಬಿಸಿಬಿಸಿಯಾಗಿ ಹೊರಬಂದವು. ಅವನು ಒಂದೊಂದನ್ನೂ ಬೆರಳಿಟ್ಟು ಓದಿದ. ಹೆಸರು, ಮನೆ ನಂಬರು, ಫೋನ್ ನಂಬರು. "ಅಸಾಂಟೆ ಸಾನಾ, ಮಾಮಾ. ಬಹಳ ಉಪಕಾರವಾಯಿತು, ತಾಯೀ. ತುಂಬ ಅಚ್ಚುಕಟ್ಟಾದ ಕೆಲಸ" ಎಂದು ನನಗೆ ಕೈಮುಗಿಯುವ ಹಾಗೆ ತಲೆ ಬಾಗಿಸಿ ಹೋದ. ನನಗೆ ಹೆಮ್ಮೆಯೇ ಆಯಿತು.

ಅದಾದ ಐದನೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಶ್ರೀಪಾದ ಡಾಕ್ಟರು ಆಸ್ಪತ್ರೆಗೆ ಹೊರಟಿದ್ದರು. ಓಣಿಯ ಬಾಯಲ್ಲಿ ಒಂದು ವ್ಯಾನು ಅಡ್ಡ ನಿಂತಿತ್ತು. ಇಬ್ಬರು ಇಳಿದು ಬಂದು, ಒಂದೂ ಮಾತಾಡದೆ, ಸುತ್ತಿಗೆಯಿಂದ ಅವರ ಕಾರಿನ ಮುಂದಿನ ಗಾಜು ಹೊಡೆದರು. ಡಾಕ್ಟರು ಸ್ಟಿಯರಿಂಗ್ ಹಿಂದೆ ಕೂತೇ ಇದ್ದರು. ಗಾಜಿನ ಚೂರು ಎಡಗಣ್ಣಿನ ರೆಪ್ಪೆ ಸೀಳಿತು. ಬಾಗಿಲು ತೆಗೆದು ಅವರನ್ನು ನೀರು ನಿಂತ ರಸ್ತೆಗೆ ಎಳೆದು, ಮಂಡಿಯೂರಿಸಿ, ಒಂದು ಹಾಳೆಯನ್ನು ಉಂಡೆ ಮಾಡಿ ಬಾಯಿಗೆ ತುರುಕಿದರು. ಅಗಿ ಎಂದರು. ಅಗಿಯುವವರೆಗೂ ಕೆನ್ನೆಗೆ ಹೊಡೆದರು. ಎರಡು ಹಲ್ಲು ಹೋದವು.

ಸಂಜೆ ಅವರು ನನಗೆ ಫೋನ್ ಮಾಡಿದರು. ತುಟಿ ಊದಿದ್ದರಿಂದ ಮಾತು ತೊದಲುತ್ತಿತ್ತು.

"ಅದು ನನ್ನ ಪತ್ರ ಕಣಮ್ಮಾ. ಉಗಿದ ಮೇಲೆ ನೋಡಿದೆ. ಮೂಲೇಲಿ ನಿಮ್ಮ ಸಹಿ ಇತ್ತು."

"ಸರ್, ಎಲ್ಲಿದ್ದೀರಿ? ನಾನೀಗಲೇ ಬರ್ತೀನಿ" ಎಂದೆ.

"ಏನೂ ಆಗಲ್ಲ ಅಂದಿದ್ರಲ್ಲ" ಎಂದರು. ಫೋನ್ ಇಟ್ಟುಬಿಟ್ಟರು.

ಪ್ರಸನ್ನ ಕೆಲಸ ಬಿಟ್ಟುಬಿಡು ಎಂದರು. ಬಿಡಲು ನಾನೂ ತಯಾರಿದ್ದೆ. ಆದರೆ ಬಿಟ್ಟರೆ ಆ ಪತ್ರಗಳು ಮನೆಯಲ್ಲಿ ಕೂತ ನನ್ನನ್ನು ಬಿಡುತ್ತವೆಯೇ? ಮುಟುವಾ ಅವರನ್ನು ಕೇಳಿದೆ, ನಿಮಗೆ ಗೊತ್ತಿತ್ತೇ ಎಂದು. "ನನಗೂ ಮಕ್ಕಳಿದ್ದಾರೆ" ಎಂದಷ್ಟೇ ಹೇಳಿ ಫೈಲಿಗೆ ಕಣ್ಣು ಹಾಕಿದರು. ಆ ವಾರದೊಳಗೆ ಡಾಕ್ಟರೂ ಇನ್ನಿಬ್ಬರೂ ಆಕ್ಷೇಪ ವಾಪಸು ಪಡೆದರು. ಉಳಿದದ್ದು ಸಿಸಿಲಿಯಾ ಆಂಟಿಯದೊಂದೇ.

ಶನಿವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋದದ್ದು ಅದನ್ನೂ ವಾಪಸು ಪಡೆಯಿರಿ ಎಂದು ಬೇಡಿಕೊಳ್ಳಲು. ಇಡೀ ರಾತ್ರಿ ಸುರಿದ ಮಳೆ ಆಗಷ್ಟೇ ಬಿಟ್ಟಿತ್ತು. ಆಂಟಿ ಅಡುಗೆಮನೆಯ ಮೇಜಿನಲ್ಲಿ ಬೀನ್ಸ್ ಹೆಚ್ಚುತ್ತಿದ್ದರು. ಅಕಿನ್ಯಿ ಇಲ್ಲಿನವರ ಮುದ್ದೆಯಾದ ಉಗಾಲಿಗೆಂದು ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲಿಟ್ಟಿದ್ದಳು. ಮೆಕ್ಕೆಜೋಳದ ಹಿಟ್ಟಿನ ಚೀಲ ಬಿಚ್ಚಿಟ್ಟಿತ್ತು.

"ಆಂಟಿ, ಒಂದು ಸಾಲು ಬರೆದು ಕೊಡಿ ಸಾಕು. ನಾನು ಕೈ ಮುಗಿತೀನಿ."

"ನೀನೇ ಬರೆಸಿದ್ದಲ್ವಾ?"

"ತಪ್ಪಾಯ್ತು. ಈ ಊರು ನನಗೆ ಗೊತ್ತಿರಲಿಲ್ಲ."

"ಊರಿಗೆ ಎಂತ ಆಗಿದೆ? ಊರು ಒಳ್ಳೇದೇ ಉಂಟು." ಅವರು ಚಾಕು ಕೆಳಗಿಟ್ಟರು. "ನೋಡು ವಸು, ನಾನು ವಾರ್ಡಲ್ಲಿ ಎಷ್ಟೋ ಗಂಡಸರಿಗೆ ಹೆದರಿಸಿದ್ದೇನೆ, ಹೆದರಿದ್ದೂ ಉಂಟು. ಆದ್ರೆ ಬರೆದದ್ದನ್ನು ತಿದ್ದಿ ಬರ್ದದ್ದಿಲ್ಲ. ಚಾರ್ಟಲ್ಲಿ ತಿದ್ದಿದ್ರೆ ರೋಗಿ ಸಾಯ್ತಾನೆ."

ಅಷ್ಟರಲ್ಲಿ ಗೋಡೆಯ ಕಡೆಯಿಂದ ಧಡ್ ಎಂಬ ಸದ್ದು. ಮತ್ತೊಂದು. ಕಿಟಕಿಯ ಗಾಜು ಅದುರಿತು. ಖಾಲಿ ಮನೆಗೂ ಅವರ ಅಂಗಳಕ್ಕೂ ನಡುವಿನ ಕಲ್ಲಿನ ಗೋಡೆ ಒಳಮುಖವಾಗಿ ಉಬ್ಬಿ, ಒಮ್ಮೆಲೇ ಕುಸಿಯಿತು. ಒದ್ದೆ ಕಲ್ಲುಪುಡಿಯ ವಾಸನೆ ಅಡುಗೆಮನೆಯವರೆಗೂ ನುಗ್ಗಿತು. ಕುಸಿದ ಆ ಜಾಗದಿಂದ ಹತ್ತು ಹನ್ನೆರಡು ಜನ ಒಳಬಂದರು. ಹಾರೆ, ಭಾರದ ಸುತ್ತಿಗೆ, ಇಬ್ಬರ ಕೈಯಲ್ಲಿ ಪಂಗಾ ಎಂದು ಇಲ್ಲಿ ಕರೆಯುವ ಉದ್ದ ಮಚ್ಚು. ಗಂಟೆ ಹತ್ತಾಗಿತ್ತು. ಬಿಸಿಲು ಬಂದಿತ್ತು.

ಸಿಸಿಲಿಯಾ ಆಂಟಿ ಮನೆಯ ಚಪ್ಪಲಿಯಲ್ಲೇ ಹೊರಗೆ ನಡೆದರು. "ಸಿಮಾಮಾ! ನಿಲ್ಲಿ!" ಎಂದು ವಾರ್ಡಿನ ದನಿಯಲ್ಲಿ ಗದರಿದರು. ಒಂದು ಕ್ಷಣ ಬಂದವರು ನಿಜವಾಗಿಯೂ ನಿಂತರು. ಮುಂದಿದ್ದವನು ಗೋಡೆ ಒತ್ತುವರಿಯದು, ಕೆಡವಲು ಅಪ್ಪಣೆಯಾಗಿದೆ ಎಂದ. ಕಾಗದ ತೋರಿಸು ಎಂದರು ಆಂಟಿ, ಕೈ ಚಾಚಿ. ಅವನು ಆ ಚಾಚಿದ ಕೈಗೇ ಕಬ್ಬಿಣದ ಸರಳು ಬೀಸಿದ. ಹಸಿ ಸೌದೆ ಮುರಿದ ಸದ್ದಾಯಿತು. ಆಂಟಿ ಕೆಸರಿನಲ್ಲಿ ಕುಕ್ಕರಿಸಿ ಕೂತು ಮುರಿದ ಮುಂಗೈಯನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದರು.

ಅಕಿನ್ಯಿ ನನ್ನ ಪಕ್ಕದಿಂದ ಹಾದುಹೋದದ್ದು ನನಗೆ ಕಾಣಲಿಲ್ಲ, ಶಾಖ ಮಾತ್ರ ತಾಗಿತು. ಕುದಿಯುವ ನೀರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದೊಯ್ದು ಸರಳು ಬೀಸಿದವನ ಎದೆಗೆ ಎರಚಿದಳು. ಅವನು ಕಿರುಚಿದ ಹಾಗೆ ಮನುಷ್ಯರು ಕಿರುಚುವುದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಪಂಗಾ ಹಿಡಿದ ಒಬ್ಬ ಓಡಿಬಂದು ಅವಳ ತಲೆಗೆ ಬೀಸಿದ. ಅವಳು ಬಲಗೈ ಅಡ್ಡ ಹಿಡಿದಳು.

ಆಗ ನಾನೂ ಅಂಗಳಕ್ಕೆ ಇಳಿದೆ. ನಾನು ನೆಡಿಸಿದ್ದ ನೋಟಿಸ್ ಬೋರ್ಡನ್ನು ಅವರೇ ಕಿತ್ತು, ಅದರ ಪೈಪಿನಿಂದ ಗೋಡೆ ಮೀಟಿದ್ದರು. ಒಂದು ಪೈಪು ಕಲ್ಲುರಾಶಿಯ ಮೇಲೆ ಬಿದ್ದಿತ್ತು. ಅದನ್ನು ಎತ್ತಿಕೊಂಡೆ. ನನಗೆ ಹತ್ತಿರವಿದ್ದವನು ನನಗೆ ಬೆನ್ನು ಹಾಕಿ, ಬಗ್ಗಿ, ಹಾರೆಯಿಂದ ಕೆಳಗಿನ ಸಾಲಿನ ಕಲ್ಲು ಎಬ್ಬಿಸುತ್ತಿದ್ದ. ತೆಳ್ಳಗಿನ ಮನುಷ್ಯ, ಮೂವತ್ತೈದು ನಲವತ್ತು ಇರಬಹುದು, ಹಳದಿ ಮಳೆಬೂಟು. ಅವನ ಮಂಡಿಯ ಪಕ್ಕಕ್ಕೆ ಬೀಸಿದೆ. ಅವನು ಬಿದ್ದ. ಅದೇ ಜಾಗಕ್ಕೆ ಇನ್ನೊಮ್ಮೆ ಹೊಡೆದೆ. ಅವನು ಅಂಗೈ ಮೇಲೆತ್ತಿ, "ಬಸಿ, ಮಾಮಾ. ಬಸಿ" ಎಂದ. ಸಾಕು, ತಾಯೀ, ಸಾಕು. ನನಗೆ ಅದು ಕೇಳಿಸಿತು. ಅಷ್ಟು ಸ್ವಾಹಿಲಿ ನನಗೆ ಬರುತ್ತಿತ್ತು. ಕೇಳಿಸಿದ ಮೇಲೆ ಮೂರನೆಯ ಸಲ ಹೊಡೆದೆ. ಕಾಲು ಮುರಿದದ್ದು ಆ ಮೂರನೆಯ ಏಟಿಗೆ. ಪೈಪಿನ ಮೂಲಕ ಅದು ನನ್ನ ಕೈಗೆ ಗೊತ್ತಾಯಿತು.

ಓಣಿಯಲ್ಲಿ ಸೈರನ್ ಕೂಗತೊಡಗಿತು. ಶ್ರೀಪಾದ ಡಾಕ್ಟರು ತಮ್ಮ ಮನೆಯ ಅಪಾಯದ ಗುಂಡಿ ಒತ್ತಿದ್ದರು. ಬಂದವರು ಕುಸಿದ ಗೋಡೆಯ ಮೇಲಿಂದ ಒಬ್ಬರ ಮೇಲೊಬ್ಬರು ಬೀಳುತ್ತ ಓಡಿದರು. ಸುಟ್ಟುಕೊಂಡವನನ್ನು ಇಬ್ಬರು ಎಳೆದೊಯ್ದರು. ಹಳದಿ ಬೂಟಿನವನನ್ನು ಯಾರೂ ತಿರುಗಿ ನೋಡಲಿಲ್ಲ. ಡಾಕ್ಟರು ಬ್ಯಾಗು ಹಿಡಿದು, ರೆಪ್ಪೆಯ ಹೊಲಿಗೆಯ ಮೇಲಿನ ಪಟ್ಟಿ ಅರ್ಧ ಕಳಚಿಕೊಂಡು ಓಡಿಬಂದರು. ಅಕಿನ್ಯಿಯ ಮಣಿಕಟ್ಟಿಗೆ ತಮ್ಮ ಬೆಲ್ಟು ಬಿಗಿದರು.

"ಬೆರಳು ಹುಡುಕಿ!" ಆಂಟಿ ಕೂತಲ್ಲಿಂದಲೇ ಕೂಗಿದರು. "ನನ್ನ ಕೈ ಇರ್ಲಿ. ಮೊದ್ಲು ಅವಳ ಬೆರಳು ಹುಡುಕಿ, ಐಸಲ್ಲಿಡಿ!"

"ವಸುಧಾ, ಆ ಪೈಪ್ ಕೆಳಗಿಡಿ" ಎಂದರು ಡಾಕ್ಟರು. ನಾನು ಅದನ್ನು ಇನ್ನೂ ಹಿಡಿದುಕೊಂಡಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಬಿಸಿನೀರಿನ ಹಬೆ ಏಳುತ್ತಿದ್ದ ಕೆಸರಿನಲ್ಲಿ ಮಂಡಿಯೂರಿ ನಾನು ಮೂರು ಬೆರಳು ಹುಡುಕಿದೆ. ಎರಡು ಸಿಕ್ಕಿದವು. ಮೂರನೆಯದನ್ನು ತೋರಿಸಿದವನು ಹಳದಿ ಬೂಟಿನವನು. ಬಿದ್ದಲ್ಲಿಂದಲೇ, ಹಲ್ಲು ಕಚ್ಚಿ ಉಸಿರೆಳೆಯುತ್ತ, ಒಂದು ಕಲ್ಲಿನ ಕಡೆ ಕೈ ಮಾಡಿ "ಪಲೆ, ಪಲೆ" ಎಂದ. ಅಲ್ಲಿ, ಅಲ್ಲಿ. ಕಲ್ಲಿನ ಅಡಿಯಲ್ಲಿ ಅದು ಇತ್ತು.

ಬೆರಳುಗಳನ್ನು ಕೂಡಿಸಲು ಆಗಲಿಲ್ಲ. ಕೆಸರು, ಶಾಖ ಎರಡೂ ಸೇರಿ ಹಾಳಾಗಿದ್ದವು. ಅಕಿನ್ಯಿಯ ಬಲಗೈಯಲ್ಲಿ ಹೆಬ್ಬೆರಳೂ ಅದರ ಪಕ್ಕದ್ದೂ ಉಳಿದವು. ಆಂಟಿಯ ಮುಂಗೈಗೆ ಉಕ್ಕಿನ ಪಟ್ಟಿ ಕೂರಿಸಿದರು. ಪೊಲೀಸರು ನನ್ನ ಹೇಳಿಕೆ ಬರೆದುಕೊಂಡರು. ಒಬ್ಬ ಅಧಿಕಾರಿ, "ಭೇಷ್ ಮಾಮಾ, ಒಬ್ಬನಾದರೂ ಸಿಕ್ಕಿದ" ಎಂದ. ಕನ್ನಡ ಸಂಘದ ಊಟದಲ್ಲಿ ಹೆಂಗಸರು ನನ್ನ ಬೆನ್ನು ತಟ್ಟಿದರು, ಒಬ್ಬರು ನನ್ನನ್ನು ಮಾದರಿ ಮಹಿಳೆ ಎಂದರು. ನಾನು ಒಬ್ಬಟ್ಟಿನ ತಟ್ಟೆ ಕೆಳಗಿಟ್ಟು ಮನೆಗೆ ಹೊರಟುಬಂದೆ.

ಮೂರು ವಾರದ ಮೇಲೆ ಅರ್ಜಿಯ ವಿಚಾರಣೆಯಿತ್ತು. ಉದ್ದನೆಯ ಮೇಜಿನ ಹಿಂದೆ ಸಮಿತಿಯ ಐದು ಜನ. ಒಂದು ಕಡೆ ಚರ್ಮದ ಜಾಕೆಟ್ಟಿನವನು, ಅವನ ವಕೀಲ, ಮುಟುವಾ. ಇನ್ನೊಂದು ಕಡೆ ಕುತ್ತಿಗೆಗೆ ಜೋಳಿಗೆ ಕಟ್ಟಿ ಕೈ ಇಳಿಬಿಟ್ಟ ಆಂಟಿ, ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡ ಅಕಿನ್ಯಿ, ಸಹಿ ಪುಸ್ತಕ ಹಿಡಿದ ನಾನು. ನಮ್ಮ ಹಿಂದೆ, ಬರುವುದಿಲ್ಲ ಎಂದಿದ್ದ ಶ್ರೀಪಾದ ಡಾಕ್ಟರು ಬಂದು ಕೂತರು.

ಅರ್ಜಿಯಲ್ಲಿ 'ಒಂದು ಆಕ್ಷೇಪ ಮಾತ್ರ' ಎಂದಿತ್ತು. ನಾನು ಎದ್ದು, ನಾಲ್ಕು ಬಂದಿದ್ದವು, ಅವನ್ನು ನಾನೇ ನಕಲು ಮಾಡಿ ಅರ್ಜಿದಾರರ ಮನುಷ್ಯನ ಕೈಗೆ ಕೊಟ್ಟೆ, ಐದನೆಯ ದಿನ ಅದೇ ನಕಲು ಡಾಕ್ಟರ ಬಾಯಲ್ಲಿತ್ತು ಎಂದು ಹೇಳಿದೆ. ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಡಾಕ್ಟರು ಎದ್ದು, ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟಿದ್ದ, ಒಣಗಿ ಗಟ್ಟಿಯಾದ ಹಾಳೆಯೊಂದನ್ನು ಅದರ ಪಕ್ಕ ಇಟ್ಟರು. ಹಲ್ಲಿನ ಗುರುತು ಕಾಣುತ್ತಿತ್ತು.

ವಕೀಲ ನನ್ನ ಕಡೆ ತಿರುಗಿದ. "ಕೂಲಿಗೆ ಬಂದ ಒಬ್ಬ ಕಾರ್ಮಿಕನ ಕಾಲು ಮುರಿದವರು ನೀವೇ ಅಲ್ಲವೇ?"

"ಹೌದು."

"ಆತ್ಮರಕ್ಷಣೆಗೆ ಎನ್ನುತ್ತೀರೋ?"

ಪ್ರಸನ್ನ ಹಾಗೇ ಹೇಳು ಎಂದು ಹಿಂದಿನ ದಿನವೆಲ್ಲ ಹೇಳಿಕೊಟ್ಟಿದ್ದರು. "ಮೊದಲ ಏಟಿಗೆ ಹಾಗೆನ್ನಬಹುದು" ಎಂದೆ. "ಮೂರನೆಯದಕ್ಕೆ ಇಲ್ಲ. ಅವನು ಸಾಕು ಎಂದಿದ್ದ."

ಸಮಿತಿಯ ಅಧ್ಯಕ್ಷೆ ಮುಟುವಾ ಅವರನ್ನು ಕೇಳಿದರು: ಈ ಆಕ್ಷೇಪಗಳು ಯಾಕೆ ವಾಪಸಾದವು ಎಂದು ಅರ್ಜಿಗೆ ಮುದ್ರೆ ಹಾಕುವಾಗ ನಿಮಗೆ ಗೊತ್ತಿತ್ತೇ? ಮುಟುವಾ ತಮ್ಮ ಶರ್ಟಿನ ತೋಳಿನ ಗುಂಡಿಯನ್ನು ಬಿಚ್ಚಿದರು, ಹಾಕಿದರು. "ಗೊತ್ತಿತ್ತು" ಎಂದರು. ಜಾಕೆಟ್ಟಿನವನು ತಿರುಗಿ, ಕಣ್ಣು ಕೀಳದೆ ಅವರನ್ನೇ ನೋಡಿದ. ಅರ್ಜಿ ತಿರಸ್ಕಾರವಾಯಿತು. ಮುಟುವಾ ಆ ತಿಂಗಳೇ ಕಚೇರಿ ಮುಚ್ಚಿ ಹೆಂಡತಿ ಮಕ್ಕಳೊಂದಿಗೆ ಊರಿಗೆ ಹೋದರು. ಹೋಗುವ ಮುಂಚೆ ನನ್ನ ಕೈಗೆ ಅನುಭವದ ಪತ್ರ ಕೊಟ್ಟರು. ಅದರಲ್ಲಿ ನನ್ನ ಬಗ್ಗೆ ಒಳ್ಳೆಯದನ್ನೇ ಬರೆದಿದ್ದರು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನಿದನ್ನು ಮಗಳಿಗೆ ಎಂದೋ ಹೇಳಿರುತ್ತಿದ್ದೆ.

ಪೊಲೀಸರಿಗೆ ಸಿಕ್ಕಿದವನು ಒಬ್ಬನೇ. ಓಡಲಾರದವನು. ಅವನ ಹೆಸರು ಜುಮಾ. ಸರಳು ಬೀಸಿದವನು, ಪಂಗಾ ಬೀಸಿದವನು, ಡಾಕ್ಟರ ಹಲ್ಲು ಮುರಿದವರು, ಯಾರ ಸುಳಿವೂ ಹತ್ತಲಿಲ್ಲ. ನ್ಯಾಯಾಲಯದ ಕಟಕಟೆಯಲ್ಲಿ ಊರುಗೋಲು ಹಿಡಿದು ಜುಮಾ ಒಬ್ಬನೇ ನಿಂತ. ಕಾಲಿನ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಜಾಮೀನು ಕೊಡುವವರಿಲ್ಲದೆ ಹತ್ತು ತಿಂಗಳು ಒಳಗಿದ್ದ. ರಸ್ತೆ ಬದಿಯಲ್ಲಿ ದಿನಗೂಲಿಗೆ ಕಾಯುತ್ತ ನಿಂತಿದ್ದವರನ್ನು ಬೆಳಿಗ್ಗೆ ವ್ಯಾನಿನಲ್ಲಿ ತುಂಬಿಕೊಂಡು ಹೋದರು, ಗೋಡೆ ಕೆಡವುವ ಕೆಲಸ ಎಂದರು, ನೆರೆಯವರಿಗೆಲ್ಲ ನೋಟಿಸ್ ಕೊಟ್ಟು ಸಹಿ ಹಾಕಿಸಿಕೊಂಡಾಗಿದೆ ಎಂದರು. ಇದಿಷ್ಟೇ ಅವನ ಹೇಳಿಕೆ.

ಸಾಕ್ಷಿ ಹೇಳಲು ಅಕಿನ್ಯಿಯನ್ನು ಕರೆದರು. ಕೈ ಕತ್ತರಿಸಿದವನು ಇವನೇ ಏನು? ಅವಳು ಅವನನ್ನು ನಿಧಾನವಾಗಿ ನೋಡಿದಳು. ಅವಳು ಹೌದು ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. "ಇವನಲ್ಲ" ಎಂದಳು. "ಇವನು ನನ್ನ ಬೆರಳು ತೋರಿಸಿದವನು." ನನ್ನ ಸರದಿ ಬಂದಾಗ, ಅವನು ಯಾರನ್ನೂ ಮುಟ್ಟಲಿಲ್ಲ, ನನಗೆ ಹತ್ತಿರವಿದ್ದ, ಅದಕ್ಕೇ ಹೊಡೆದೆ ಎಂದೆ. ಗೋಡೆ ಕೆಡವಿದ ತಪ್ಪಿಗೆ ಆಗಲೇ ಕಳೆದ ದಿನಗಳೇ ಶಿಕ್ಷೆ ಎಂದು ಎಣಿಸಿ ಅವನನ್ನು ಬಿಟ್ಟರು. ನನ್ನ ಮೇಲೆ ಯಾವ ಮೊಕದ್ದಮೆಯೂ ಆಗಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಅವನು ಊರುಗೋಲು ಸರಿಮಾಡಿಕೊಳ್ಳುತ್ತಿದ್ದ. ನಾನು ಹತ್ತಿರ ಹೋಗಿ "ಪೋಲೆ" ಎಂದೆ. 'ಕ್ಷಮಿಸು' ಎಂದೂ 'ಅಯ್ಯೋ ಪಾಪ' ಎಂದೂ ಅರ್ಥ, ಇಲ್ಲಿನ ಜನ ಯಾರಾದರೂ ಎಡವಿದರೂ ಹೇಳುವ ಮಾತು ಅದು. ಅವನು ಕೇಳಿಸದವನ ಹಾಗೆ ನಿಂತ. ಸಿಸಿಲಿಯಾ ಆಂಟಿ ನನ್ನನ್ನು ಪಕ್ಕಕ್ಕೆ ಸರಿಸಿ ಬಗ್ಗಿ, ಅವನ ಅಪ್ಪಣೆಯನ್ನೂ ಕೇಳದೆ, ಪ್ಯಾಂಟಿನ ಮೇಲಿಂದಲೇ ಮಂಡಿ ಒತ್ತಿ ನೋಡಿದರು.

"ಇದನ್ನು ಮತ್ತೆ ಮುರಿದು ಕೂರಿಸ್ಬೇಕು" ಎಂದು ಅವರು ಮೊದಲು ನನಗೆ ಕನ್ನಡದಲ್ಲಿ ಹೇಳಿ, ಆಮೇಲೆ ಅವನಿಗೆ ಸ್ವಾಹಿಲಿಯಲ್ಲಿ ಹೇಳಿದರು. ತಮಗೆ ಗೊತ್ತಿರುವ ಮೂಳೆ ಡಾಕ್ಟರು ಮಂಗಳವಾರ ಒಂದು ಮಿಷನ್ ಆಸ್ಪತ್ರೆಗೆ ಬರುತ್ತಾರೆ, ನೀನೂ ಬಾ ಎಂದು ಜಾಗದ ಗುರುತು ಹೇಳಿದರು.

ಮಂಗಳವಾರ ಅವನು ಬರಲಿಲ್ಲ. ಮರುವಾರವೂ ಬರಲಿಲ್ಲ. ಆಂಟಿ, ಅಕಿನ್ಯಿ, ನಾನು ಮೂವರೂ ಮಧ್ಯಾಹ್ನದವರೆಗೆ ಕಾರಿಡಾರಿನ ಬೆಂಚಿನಲ್ಲಿ ಕೂತು ವಾಪಸಾದೆವು. "ಇನ್ನು ಸಾಕು ಆಂಟಿ" ಎಂದೆ. "ನಿನಗೆ ಕೆಲಸ ಇದ್ರೆ ಹೋಗು" ಎಂದರು.

ಮೂರನೆಯ ಮಂಗಳವಾರ ಅವನು ಬಂದ. ಹೆಂಡತಿಯ ಜತೆ ಎರಡು ಮಟಾಟು ಬದಲಿಸಿ ಬಂದಿದ್ದ. ಅವಳು ಚೀಟಿಗೆಂದು ಸರದಿಯಲ್ಲಿ ನಿಲ್ಲಲು ಹೋದಳು. ಅವನು ಬೆಂಚಿನ ಆ ತುದಿಯಲ್ಲಿ ಕೂತ, ನಾವು ಈ ತುದಿಯಲ್ಲಿ. ಅಕಿನ್ಯಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಉಳಿದ ಎರಡು ಬೆರಳಿನಲ್ಲಿ ಲೋಟ ಹಿಡಿದು ಅವನಿಗೆ ಕೊಟ್ಟಳು. ಅವನು ಆ ಕೈಯನ್ನು ನೋಡಿದ, ತಲೆ ತಗ್ಗಿಸಿ ಲೋಟ ತೆಗೆದುಕೊಂಡ.

ಅವನ ಹೆಸರು ಕೂಗಿದರು. ಊರುಗೋಲು ಜಾರಿ ನೆಲಕ್ಕೆ ಬಿತ್ತು. ಆಂಟಿಯ ಕೈಯಲ್ಲಿ ಇನ್ನೂ ಬಲ ಬಂದಿರಲಿಲ್ಲ, ಅಕಿನ್ಯಿಯ ಕೈಗೆ ಒಬ್ಬರನ್ನು ಎಬ್ಬಿಸುವಷ್ಟು ಹಿಡಿತವಿರಲಿಲ್ಲ. ನಾನು ಎದ್ದು ಕೈ ಚಾಚಿದೆ. ಜುಮಾ ಮೊದಲ ಸಲ ನನ್ನನ್ನು ನೇರವಾಗಿ ನೋಡಿದ. ಆಮೇಲೆ ನನ್ನ ಕೈಯನ್ನು ನೋಡಿದ. ಕಿಟಕಿಯ ಸರಳು ಹಿಡಿದು, ಬೆವರುತ್ತ, ತಾನೇ ಎದ್ದು, ಗೋಡೆಗೆ ಭುಜ ಒತ್ತಿಕೊಂಡು ಒಂದೊಂದೇ ಹೆಜ್ಜೆ ಒಳಗೆ ಹೋದ.

ನಾನು ಊರುಗೋಲನ್ನು ಎತ್ತಿಕೊಂಡು ಅವನ ಹಿಂದೆ ಹೋದೆ. ಬಾಗಿಲ ಬಳಿ ನಿಂತಿದ್ದ ನರ್ಸಿನ ಕೈಗೆ ಅದನ್ನು ಕೊಟ್ಟು, ಅವನು ಹೊರಗೆ ಬರುವ ಮುಂಚೆ ಅಲ್ಲಿಂದ ಹೊರಟುಬಿಟ್ಟೆ.